ಒಂದೇ ಹೆಸರಿನ ಎರಡು ಡಬ್ಬಿ

ನವೆಂಬರ್ 6, ಸೋಮವಾರ. ಮಧ್ಯಾಹ್ನ 1.20

ಇವತ್ತೂ ಅದೇ ಜಗಳ. ದಿವಾಕರೇಟ್ಟ ಕಮಾಂಡುಗಳನ್ನು ಕೈಯಲ್ಲೇ ಹೊಡೆಯುವುದು ಬಿಡುವುದಿಲ್ಲ. ಎರಡೇ ಬೆರಳು. ಒಂದೊಂದು ಅಕ್ಷರಕ್ಕೂ ಕೀಬೋರ್ಡಿನ ಮೇಲೆ ಹುಡುಕಾಟ. ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿಗೆ ತಂತಿ ಸೇರಿಸಿದ ಮನುಷ್ಯ. ಬೇಗ ನಿವೃತ್ತಿ ಪಡೆದು ಇಲ್ಲಿ ಸರ್ವರ್ ನೋಡಿಕೊಳ್ಳಲು ಬಂದು ನಾಲ್ಕು ವರ್ಷ. ನಾನು ಆರು ತಿಂಗಳು ಕೂತು ಬರೆದ ಪ್ರೋಗ್ರಾಂ ಇದೆಯಲ್ಲ, 'ಕಣ್ಣಿ' — ಅದನ್ನು ಮುಟ್ಟಲೂ ಒಲ್ಲರು.

"ಕಣ್ಣಿಗೆ ಕಾಣೋ ಹಾಗೆ ಸಿಕ್ಕಿಸಿದ್ರೇನೇ ನಂಗೆ ಸಮಾಧಾನ, ಮೋಳೇ," ಅಂದರು. ನಲವತ್ತು ತುಂಬಿದ ನಾನೂ ಅವರಿಗೆ ಮೋಳ್, ಮಗಳು; ನಮಗೆಲ್ಲ ಅವರು ಏಟ್ಟ, ಅಣ್ಣ.

ಆಫೀಸಿನ ಮುಖ್ಯಸ್ಥೆ ರೋಸಿಲಿ ಮ್ಯಾಡಂ ಎದುರಿಗೇ ಹೇಳಿಬಿಟ್ಟೆ. "ಒಂದಲ್ಲ ಒಂದು ದಿನ ಇವರ ಬೆರಳು ಜಾರುತ್ತೆ ಮ್ಯಾಡಂ. ಬರೆದಿಟ್ಕೊಳ್ಳಿ."

ಏಳು ಜನರ ಆಫೀಸು. ಎಲ್ಲರೂ ನಕ್ಕರು. ಅವರೂ ನಕ್ಕರು. "ಜಾರಿದ್ರೆ ನೀನೇ ಹಿಡ್ಕೋ ಮಾರಾಯ್ತಿ," ಅಂದರು. ಖುಷಿಯಾಯಿತು ನನಗೆ. ಗೆದ್ದೆ ಅನ್ನಿಸಿತು.

ನಾಳೆ ಹತ್ತಕ್ಕೆ ಪಾಲಿಯೇಟಿವ್ ಸೊಸೈಟಿಯ ಕಮಿಟಿಯವರು ಬರುತ್ತಾರೆ. ವಾಸಿಯಾಗದ ರೋಗಿಗಳನ್ನು ಮನೆಮನೆಗೆ ಹೋಗಿ ನೋಡುವವರು. ಅವರ ಪಟ್ಟಿ, ಔಷಧಿ, ಜೀಪು ಎಲ್ಲ ಓಡುವುದು ನಮ್ಮ ಸರ್ವರಿನಲ್ಲಿ. ಅವರಿಗೆ 'ಕಣ್ಣಿ' ತೋರಿಸಬೇಕು. ಕಂಪ್ಯೂಟರ್ ಭಾಷೆ ಬೇಡ. ಹೀಗೆ ಹೇಳುವುದು: ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ. ರೋಗಿಗಳ ಪಟ್ಟಿ ಒಂದರಲ್ಲಿ, ಔಷಧಿಯ ದಾಸ್ತಾನು ಒಂದರಲ್ಲಿ, ಜೀಪಿನ ದಾರಿ ಇನ್ನೊಂದರಲ್ಲಿ. ಅದಕ್ಕೇ ಕಂಟೇನರ್ ಅನ್ನುವುದು. ಡಬ್ಬಿಗಳು ಒಂದರ ಜೊತೆ ಒಂದು ಮಾತಾಡಬೇಕಾದರೆ ಒಂದೇ ನೆಟ್‌ವರ್ಕಿಗೆ ಸಿಕ್ಕಿಸಬೇಕು. ಹೆಸರು ಹಿಡಿದು ಕೂಗಿದರೆ ಆ ಹೆಸರಿನ ಡಬ್ಬಿ ಓಗೊಡುತ್ತದೆ. ಇಷ್ಟು ದಿನ ಕೈಯಿಂದ ಸಿಕ್ಕಿಸುತ್ತಿದ್ದೆವು. ಇನ್ನು ಕೋಡೇ ಸಿಕ್ಕಿಸುತ್ತದೆ, ಕೋಡೇ ಬಿಚ್ಚುತ್ತದೆ. ಮನುಷ್ಯರ ಕೈ ತಾಗುವುದಿಲ್ಲ, ತಪ್ಪೂ ಆಗುವುದಿಲ್ಲ.

ಕೊನೆಯ ವಾಕ್ಯ ಚೆನ್ನಾಗಿದೆ. ಅದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು.

ನವೆಂಬರ್ 7, ಮಂಗಳವಾರ. ಬೆಳಿಗ್ಗೆ 8.55

ಎಂಟು ನಲವತ್ತಕ್ಕೆ 'ಕಣ್ಣಿ'ಯನ್ನು ನಿಜವಾದ ಪಟ್ಟಿ ಓಡುವ ಲೈವ್ ಸರ್ವರಿನ ಮೇಲೇ ಒಂದು ಸಲ ಓಡಿಸಿದೆ. ಟೆಸ್ಟ್ ಡಬ್ಬಿಯನ್ನು ಲೈವ್ ನೆಟ್‌ವರ್ಕಿಗೆ ಸಿಕ್ಕಿಸು, ಪರೀಕ್ಷಿಸು, ಬಿಚ್ಚು. ಎರಡು ನಿಮಿಷದ ಕೆಲಸ. ಮಧ್ಯದಲ್ಲಿ ಎರರ್ ಬಂದು ನಿಂತಿತು. ಏನೋ ಚಿಲ್ಲರೆ ಕಾರಣ ಇರಬೇಕು. ಹೊಟ್ಟೆ ಚುರುಗುಟ್ಟುತ್ತಿದೆ. ಕೆಳಗೆ ಹೋಗಿ ಪುಟ್ಟು ತಿಂದು ಬಂದು ನೋಡಿದರಾಯಿತು.

ದಿವಾಕರೇಟ್ಟನೂ ಎಂಟೂವರೆಯಿಂದ ಅದೇ ಮಶೀನಿನಲ್ಲಿ ಏನೋ ಕುಟ್ಟುತ್ತಿದ್ದಾರೆ. ಕುಟ್ಟಲಿ.

ನವೆಂಬರ್ 7. ಸಂಜೆ 6

ಬರೆಯಬೇಕೋ ಬೇಡವೋ... ಯಾರು ಓದುತ್ತಾರೆ ಇದನ್ನು. ಬರೆ.

ಟೆಸ್ಟ್ ನಡುವೆ ಮುಗ್ಗರಿಸಿತ್ತು; ತಿಂದು ಬಂದ ಮೇಲೆ ಕಮಿಟಿಯ ಗಡಿಬಿಡಿಯಲ್ಲಿ ನೋಡುವುದೇ ಮರೆತೆ. ಮುಗ್ಗರಿಸಿದರೂ ಬಿಚ್ಚು ಎಂಬ ಸಾಲನ್ನು ನಾನು ಬರೆದಿರಲಿಲ್ಲ. ಹಾಗಾಗಿ ಟೆಸ್ಟ್ ಡಬ್ಬಿ ಲೈವ್ ನೆಟ್‌ವರ್ಕಿನಲ್ಲೇ ಉಳಿದುಕೊಂಡಿತು. ಅದರ ಹೆಸರೂ 'ರೋಗಿಪಟ್ಟಿ', ನಿಜವಾದ ಡಬ್ಬಿಯ ಹೆಸರೂ 'ರೋಗಿಪಟ್ಟಿ'. ಕೂಗಿದಾಗ ಒಮ್ಮೆ ಅದು ಓಗೊಟ್ಟಿತು, ಒಮ್ಮೆ ಇದು. ಒಂಬತ್ತು ಗಂಟೆ ಅಂದರೆ ನರ್ಸುಗಳು, ವಾರ್ಡಿನ ಸ್ವಯಂಸೇವಕರು ಎಲ್ಲ ಫೋನಿನಲ್ಲಿ ದಿನದ ಪಟ್ಟಿ ತೆರೆಯುವ ಹೊತ್ತು. ಅರ್ಧ ಜನಕ್ಕೆ ಸಿಕ್ಕಿದ್ದು ನನ್ನ ಟೆಸ್ಟ್ ಪಟ್ಟಿ.

ಟೆಸ್ಟ್ ಪಟ್ಟಿಯಲ್ಲಿ ಕಲ್ಪಿತ ಹೆಸರುಗಳನ್ನೇ ಹಾಕಬೇಕು. ಆ ನಿಯಮ ಬರೆದು ಗೋಡೆಗೆ ಅಂಟಿಸಿದವಳು ನಾನೇ. ಇನ್ನೂರು ಹೆಸರು ಹುಟ್ಟಿಸಲು ಬೇಜಾರಾಗಿ ನಿಜವಾದ ಪಟ್ಟಿಯನ್ನೇ ನಕಲು ಹೊಡೆದಿದ್ದೆ. ದಾಖಲೆ ಮುಚ್ಚುವುದು ಸರಿಯಾಗಿ ನಡೆಯುತ್ತದೆಯೇ ನೋಡೋಣ ಎಂದು ಕಣ್ಣಿಗೆ ಬಿದ್ದ ಹನ್ನೊಂದು ಹೆಸರಿನ ಮುಂದೆ 'ಮರಣ' ಎಂದು ಹಾಕಿದ್ದೆ. ಇವರೇ ಯಾಕೆ? ಏನೂ ಇಲ್ಲ, ಸುಮ್ಮನೆ.

ಕಮಿಟಿಯವರ ಮುಂದೆ "ತಪ್ಪೂ ಆಗುವುದಿಲ್ಲ" ಎಂದು ನಿಧಾನಕ್ಕೆ ಹೇಳುತ್ತಿದ್ದಾಗಲೇ ಅವರಲ್ಲೊಬ್ಬರ ಫೋನ್ ಹೊಡೆದುಕೊಂಡಿತು. ಕರೆ ಮಾಡಿದ್ದು ಫರೋಕ್ ಕಡೆಯ ವಾರ್ಡು ನೋಡಿಕೊಳ್ಳುವ ಸ್ವಯಂಸೇವಕ ಮೊಯ್ದೀನ್‌ಕೋಯ. ಸ್ಪೀಕರಿನಲ್ಲೇ ಕೇಳಿಸಿತು.

"ನಮ್ಮ ಕಾರ್ತ್ಯಾಯನಿ ಟೀಚರ್ ಹೋಗ್ಬಿಟ್ರು ಸಾರ್. ಪಟ್ಟಿಯಲ್ಲಿ ಬಂದಿದೆ. ಗ್ರೂಪಿಗೆ ಹಾಕ್ದೆ. ಕ್ಲಬ್ಬಿನೋರು ಆಗ್ಲೇ ಫ್ಲೆಕ್ಸ್ ಹೊಡೆಸಿ ಜಂಕ್ಷನ್ನಲ್ಲಿ ಕಟ್ಟಿಯೂ ಆಯ್ತು. ಸೊಸೈಟಿ ಕಡೆಯಿಂದ ಹೂವಿನ ಚಕ್ರ ಯಾರು ತರ್ತೀರಿ?"

ಎರಡು ನಿಮಿಷಕ್ಕೆ ಇನ್ನೊಂದು ಫೋನ್. ಟೀಚರ ಮಗಳು ಜಲಜ. "ಅಂಗಳದ ತುಂಬ ಜನ ಬಂದು ನಿಂತಿದಾರೆ! ಅಮ್ಮ ಹಾಸಿಗೆಯಲ್ಲಿ ಎದ್ದು ಕೂತಿದಾರೆ. ಯಾರ್ರೀ ಹೇಳಿದ್ದು ನಿಮಗೆ?"

ಜಾಗಕ್ಕೆ ಓಡಿ ಬಂದು ನೋಡಿದೆ. ಅಲ್ಲೇ ಕೂತಿತ್ತು ನನ್ನ ಡಬ್ಬಿ, ಲೈವ್ ನೆಟ್‌ವರ್ಕಿಗೆ ಅಂಟಿಕೊಂಡು. ಬಿಚ್ಚಲು ಎರಡು ಸೆಕೆಂಡು. ಆಗ ಗಂಟೆ ಹತ್ತು ಐವತ್ತು. ಬಿಚ್ಚಿ, ಅಕ್ಕಪಕ್ಕ ನೋಡಿ, ಸ್ಕ್ರೀನ್ ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ಉಳಿದ ಹತ್ತು ಮನೆಗಳವರು ಬೈದು, ನಕ್ಕು ಸುಮ್ಮನಾದರಂತೆ. ಟೀಚರ ವಿಷಯ ಹಾಗಲ್ಲ. ಬೆನ್ನುಮೂಳೆಗೆ ಇಳಿದ ಕ್ಯಾನ್ಸರ್. ವಾರದ ಮಾರ್ಫಿನ್ ಮಾತ್ರೆ ನಿನ್ನೆಗೇ ಮುಗಿದಿತ್ತು, ಇವತ್ತು ಒಂಬತ್ತಕ್ಕೆ ನರ್ಸು ತರಬೇಕಿತ್ತು. ಮರಣ ಎಂದು ಕಂಡ ಮನೆಗೆ ಜೀಪು ಯಾಕೆ ಹೋಗುತ್ತದೆ? ಆ ಮನೆ ಬಿಟ್ಟು, ವಾಹನ ಸಾಗಿಸುವ ಜಂಕಾರ್ ದೋಣಿ ಹತ್ತಿ, ಹೊಳೆ ದಾಟಿ ಚಾಲಿಯಂ ಕಡೆ ಹೋಗಿಬಿಟ್ಟಿತ್ತು. ಹಿಂದಿರುಗಿ ಬಂದು ಮಾತ್ರೆ ಕೊಟ್ಟಾಗ ಮೂರು ಗಂಟೆ.

ಆರು ಗಂಟೆ ಕಾಲ ಆ ಹೆಂಗಸು ನೋವು ತಿಂದರು. ಹೊರಗೆ ಹಳೆಯ ವಿದ್ಯಾರ್ಥಿಗಳು ಹೂವು ಹಿಡಿದುಕೊಂಡು ನಿಂತಿದ್ದರು. ನಾನು ಇಲ್ಲಿ ಏಸಿಯಲ್ಲಿ ಕೂತು ನನ್ನ ಮುಖ ಹೇಗೆ ಕಾಣುತ್ತಿದೆ ಎಂದು ಯೋಚಿಸುತ್ತಿದ್ದೆ.

ನಾಳೆ ಹೇಳುತ್ತೇನೆ. ಬೆಳಿಗ್ಗೆ ಹೋದ ಕೂಡಲೆ.

ನವೆಂಬರ್ 8, ಬುಧವಾರ. ಮಧ್ಯಾಹ್ನ 2

ಹೇಳಲಿಲ್ಲ.

ಮೀಟಿಂಗ್ ಶುರುವಾಗುವ ಮೊದಲೇ ಎಲ್ಲ ತೀರ್ಮಾನ ಆಗಿಬಿಟ್ಟಿತ್ತು. ಆ ಹನ್ನೊಂದು 'ಮರಣ' ಇರುವುದು ಟೆಸ್ಟ್ ಪಟ್ಟಿಯಲ್ಲಿ ಮಾತ್ರ ಎಂದು ಯಾರೋ ಹೋಲಿಸಿ ನೋಡಿದ್ದರಂತೆ. ನಾನು ಬಾಯಿ ತೆರೆಯುವುದರೊಳಗೆ ದಿವಾಕರೇಟ್ಟ ಎದ್ದು ನಿಂತರು.

"ಎಂಟೂವರೆಯಿಂದ ಆ ಮಶೀನಿನಲ್ಲಿದ್ದೋನು ನಾನೇ ಮ್ಯಾಡಂ. ಔಷಧಿ ಡಬ್ಬಿ ಬಿಚ್ಚಿ ಮತ್ತೆ ಸಿಕ್ಕಿಸ್ದೆ. ಟೆಸ್ಟ್ ಡಬ್ಬೀನ ಸಿಕ್ಕಿಸಿದ್ದು ನೆನಪಿಲ್ಲ. ಆದ್ರೆ... ನಾನಲ್ದೆ ಇನ್ಯಾರು? ಬೆರಳು ಜಾರಿರ್ಬೇಕು."

ಬೆರಳು ಜಾರಿರಬೇಕು. ನಾನು ಸೋಮವಾರ ಹೇಳಿದ್ದ ಮಾತನ್ನೇ ಎತ್ತಿಕೊಂಡು ತಮ್ಮ ತಲೆಗೆ ಕಟ್ಟಿಕೊಂಡರು.

ರೋಸಿಲಿ ಮ್ಯಾಡಂ ನನ್ನ ಕಡೆ ತಿರುಗಿದರು. "ನೀನು ಹೇಳಿದ್ದೆ, ಸುಹ್ರಾ. ನಾನೇ ಕೇಳಿಸ್ಕೊಳ್ಳಲಿಲ್ಲ. ಲಾಗ್ ನೋಡಿದ್ಯಾ?"

ಯಾರು ಯಾವಾಗ ಏನು ಮಾಡಿದರೆಂದು ಸರ್ವರ್ ಬರೆದಿಡುವ ಆ ಲಾಗ್ ಓದುವವಳು ಈ ಆಫೀಸಿನಲ್ಲಿ ನಾನೊಬ್ಬಳೇ. ಬೆಳಿಗ್ಗೆ ಎಂಟು ಗಂಟೆಗೇ ಬಂದು ಓದಿದ್ದೆ. '8.40, ಕಣ್ಣಿ, ಬಳಕೆದಾರ: ಸುಹ್ರಾ, ಸಿಕ್ಕಿಸಿದೆ.' ಅದಕ್ಕಿಂತ ಸ್ಪಷ್ಟವಾಗಿ ಬರೆಯಲು ಸಾಧ್ಯವೇ ಇಲ್ಲ.

"ಸ್ಪಷ್ಟ ಇಲ್ಲ ಮ್ಯಾಡಂ," ಅಂದೆ.

ಅಷ್ಟೇ. ಎರಡು ಪದ. ಯಾರ ಮೇಲೂ ತಪ್ಪು ಹೊರಿಸಲಿಲ್ಲವಲ್ಲ ಎಂದು ಆಮೇಲೆ ಬಾತ್‌ರೂಮಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಕನ್ನಡಿ ನೋಡಲು ಆಗಲಿಲ್ಲ.

ಲಾಗ್ ಏಳು ದಿನ ಇರುತ್ತದೆ. ಆಮೇಲೆ ತಾನಾಗಿ ಅಳಿದುಹೋಗುತ್ತದೆ. ಆ ಕೋಡ್ ಬರೆದದ್ದೂ ನಾನೇ.

ನವೆಂಬರ್ 9, ಗುರುವಾರ. ಸಂಜೆ 5.10

ದಿವಾಕರೇಟ್ಟನ ಲಾಗಿನ್ ಮುಚ್ಚಿದರು. ಮುಚ್ಚಿದವಳು ನಾನು, ಮ್ಯಾಡಂ ಹೇಳಿದರು, ನಾನು ಮುಚ್ಚಿದೆ. ಇನ್ನು ಅವರದು ಫೋನ್ ಎತ್ತುವ ಕೆಲಸ. ಬಾಗಿಲ ಹತ್ತಿರ ಕುರ್ಚಿ. ಬೇಜಾರು ತೋರಿಸಲಿಲ್ಲ. "ಎಕ್ಸ್‌ಚೇಂಜಿಗೆ ಸೇರಿದಾಗ್ಲೂ ಮೊದಲು ಫೋನೇ ಎತ್ತಿದ್ದು ನಾನು," ಎಂದು ತಮಾಷೆ ಮಾಡಿದರು.

ಇನ್ನೂ ಇದೆ. ಇನ್ನು ಮುಂದೆ ಎಲ್ಲ ಜೋಡಣೆಯೂ 'ಕಣ್ಣಿ' ಮೂಲಕವೇ ಎಂದು ಸೊಸೈಟಿಯವರು ಒಪ್ಪಿದರಂತೆ. ಮ್ಯಾಡಂ ಬೆನ್ನು ತಟ್ಟಿದರು. ಎಲ್ಲರಿಗೂ ಬಾಳೆಹಣ್ಣಿನ ಸಿಹಿ, ಉನ್ನಕ್ಕಾಯ ತರಿಸಿದರು. ತಿಂದೆ! ಎರಡು ತಿಂದೆ. ತಿನ್ನದಿದ್ದರೆ ಯಾಕೆ ಎಂದು ಕೇಳುತ್ತಿದ್ದರು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಆ ಸಾಲನ್ನು ಸೇರಿಸಿದೆ. ಪರೀಕ್ಷೆ ಸೋತರೂ ಗೆದ್ದರೂ ಕೊನೆಯಲ್ಲಿ ಬಿಚ್ಚು. ಒಂದೇ ಸಾಲು. ಜೊತೆಗೆ ಟೆಸ್ಟ್ ಪಟ್ಟಿಯ ಹೆಸರೆಲ್ಲ ಅಳಿಸಿ ಇನ್ನೂರು ಕಲ್ಪಿತ ಹೆಸರು ಹಾಕಿದೆ. ನಲವತ್ತು ನಿಮಿಷ ಹಿಡಿಯಿತು. ಅಷ್ಟೇ ಬೇಜಾರಿನ ಕೆಲಸ ಅದು. ನಲವತ್ತು ನಿಮಿಷ.

ನವೆಂಬರ್ 12, ಭಾನುವಾರ. ಬೆಳಿಗ್ಗೆ 11

ಎರಡು ದಿನ ಬರೆಯಲಿಲ್ಲ. ಬರೆಯಲು ಏನಿದೆ.

ಅಡುಗೆಮನೆಯಲ್ಲಿ ಉಮ್ಮ ಅಕ್ಕಿಹಿಟ್ಟಿನ ಪತ್ತಿರಿ ಲಟ್ಟಿಸುತ್ತಾ ಫೋನ್ ಮುಂದೆ ಹಿಡಿದರು. ಯಾವುದೋ ಗ್ರೂಪಿನಿಂದ ಬಂದದ್ದು. ಜಂಕ್ಷನ್ನಿನ ಫ್ಲೆಕ್ಸ್. ಟೀಚರ ದೊಡ್ಡ ಫೋಟೋ, ಕೆಳಗೆ 'ಪ್ರೀತಿಯ ಟೀಚರಿಗೆ ಕಣ್ಣೀರಿನ ಶ್ರದ್ಧಾಂಜಲಿ'. ಪಕ್ಕದಲ್ಲಿ ಇನ್ನೊಂದು ಫೋಟೋ — ಟೀಚರು ಹಾಸಿಗೆಯ ಮೇಲೆ ಕೂತು ಅದೇ ಫ್ಲೆಕ್ಸಿನ ಚಿತ್ರವನ್ನು ಫೋನಿನಲ್ಲಿ ನೋಡುತ್ತಿರುವುದು.

"ಎಂಥ ಜನ ನೋಡು! ಹೋಗಿ ಒಂದ್ಸಲ ಬಾಗಿಲು ತಟ್ಟಿ ಕೇಳೋದಲ್ವಾ? ಫ್ಲೆಕ್ಸ್ ಹೊಡೆಸೋಕೆ ಎಂಥ ಆತುರ," ಉಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಪಾಪ. ಆ ಜೀವಕ್ಕೆ ಹೇಗಾಗಿರ್ಬೇಡ. ನಿಮ್ಮ ಆಫೀಸಿನದೇ ಅಂತಲ್ಲ, ಯಾರ ಕೆಲಸ ಅದು?"

"ಒಬ್ರು ವಯಸ್ಸಾದೋರು ಇದ್ದಾರೆ ಉಮ್ಮಾ."

"ವಯಸ್ಸಾದೋರಿಗೆ ಅಂಥ ಕೆಲಸ ಯಾಕೆ ಕೊಡ್ತೀರಿ?"

ಸುಮ್ಮನಿದ್ದೆ. ಅಂದರೆ ಹೌದೆಂದೆ. ಬುಧವಾರ 'ಸ್ಪಷ್ಟ ಇಲ್ಲ' ಎಂದಿದ್ದೆ, ಇವತ್ತು ಬೆರಳು ಮಾಡಿ ತೋರಿಸಿಯೇ ಬಿಟ್ಟೆ. ಅದೂ ಹೆತ್ತ ಉಮ್ಮನ ಎದುರಿಗೆ, ಅಡುಗೆಮನೆಯಲ್ಲಿ, ಕೇಳುವವರು ಯಾರೂ ಇಲ್ಲದಾಗ. ಎಂಥ ಹೇಡಿ ನಾನು.

ನವೆಂಬರ್ 13, ಸೋಮವಾರ. ಮಧ್ಯಾಹ್ನ 1.45

ಊಟದ ಡಬ್ಬಿ ಹಿಡಿದು ದಿವಾಕರೇಟ್ಟ ನನ್ನ ಟೇಬಲ್ಲಿಗೆ ಬಂದರು. ಎದುರು ಕೂತರು. ಅನ್ನ ಕಲಸಿದರು, ತಿನ್ನಲಿಲ್ಲ.

"ಮೋಳೇ, ಒಂದು ಉಪಕಾರ ಮಾಡ್ಬೇಕು. ಬುಧವಾರ ನನ್ನ ಜೊತೆ ಟೀಚರ ಮನೇಗೆ ಬರ್ತೀಯಾ? ಕ್ಷಮೆ ಕೇಳ್ಬೇಕು. ಹೇಗಾಯ್ತು ಅಂತ ಕೇಳಿದ್ರೆ ನಂಗೆ ಬಿಡಿಸಿ ಹೇಳೋಕೆ ಬರಲ್ಲ. ನೀನಾದ್ರೆ ಚೆನ್ನಾಗಿ ಹೇಳ್ತೀಯ."

"ನೀವ್ಯಾಕೆ ಹೋಗ್ಬೇಕು ಏಟ್ಟಾ? ಬಿಡಿ," ಅಂದೆ.

"ಬಿಡೋಕಾಗಲ್ಲ." ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡ. ಶನಿವಾರ ಡಾಕ್ಟರ್ ಹತ್ರ ಹೋಗಿದ್ದೆ. ತಲೆಯ ಡಾಕ್ಟರ್. ನನ್ನಮ್ಮನಿಗೂ ಐವತ್ತೈದಕ್ಕೇ ಶುರುವಾಗಿದ್ದು, ಮರೆವು. ಮೊದಲು ಒಲೆ ಆರಿಸೋದು ಮರೆತ್ರು. ಕೊನೆಗೆ ನನ್ನನ್ನೇ. ನಂಗೀಗ ಐವತ್ನಾಲ್ಕು. ಒಂದು ಕಮಾಂಡ್ ಹೊಡೆದಿದೀನಿ, ಹೊಡೆದದ್ದು ಒಂಚೂರೂ ನೆನಪಿಲ್ಲ ಅಂದ್ರೆ... ಹೆದರಿಕೆ ಆಗಲ್ವಾ ಹೇಳು?"

"ಡಾಕ್ಟರ್ ಏನಂದ್ರು?"

"ಗಡಿಯಾರದ ಚಿತ್ರ ಬರಿ ಅಂದ್ರು. ಹನ್ನೊಂದು ಹತ್ತು ತೋರಿಸು ಅಂದ್ರು. ಬರೆದೆ. ಚೆನ್ನಾಗೇ ಬರೆದೆ. ಆದ್ರೂ ಸ್ಕ್ಯಾನ್ ಮಾಡ್ಸಿ, ಮುಂದಿನ ತಿಂಗಳು ಬನ್ನಿ ಅಂದ್ರು. ಪುಷ್ಪಜ ಈಗ ನಾನು ಸ್ನಾನಕ್ಕೆ ಹೋದ್ರೂ ಹೊರಗೆ ನಿಂತಿರ್ತಾಳೆ."

ಪುಷ್ಪಜ ಅವರ ಹೆಂಡತಿ. ಓಣಂಗೆ ನಮ್ಮೆಲ್ಲರಿಗೂ ಪಾಯಸ ಕಳಿಸುವವರು.

ಆಗಲೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು, ಅಲ್ಲಾಹು ಸಾಕ್ಷಿ. ಆದರೆ ಈಗ ಹೇಳಿದರೆ ಬರೀ ಕೋಡಿನ ತಪ್ಪಲ್ಲ. ಆರು ದಿನ ಸುಮ್ಮನಿದ್ದದ್ದನ್ನೂ ಹೇಳಬೇಕು. ಮೊದಲ ದಿನ ಅದು ಸಣ್ಣದಿತ್ತು. ದಿನದಿಂದ ದಿನಕ್ಕೆ ದಪ್ಪವಾಗುತ್ತಿದೆ, ಬಾಯಿಯಲ್ಲಿ ಹಿಡಿಸುತ್ತಿಲ್ಲ.

"ಬರ್ತೀನಿ," ಅಂದೆ.

ನವೆಂಬರ್ 14, ಮಂಗಳವಾರ. ಬೆಳಿಗ್ಗೆ 8.50

ಎಂಟು ಗಂಟೆಗೆ ಬಂದು ಲಾಗ್ ತೆರೆದು ಕೂತೆ. ಪ್ರತಿ ಕಾಲು ಗಂಟೆಗೂ ಏಳು ದಿನ ಹಳೆಯದು ಅಳಿಯುತ್ತದೆ. ನಕಲು ಮಾಡಿಟ್ಟುಕೊಳ್ಳಲು ಪೂರ್ತಿ ಹೊತ್ತಿತ್ತು. ಒಂದು ಕ್ಲಿಕ್ಕು. ಕೈ ಮೌಸಿನ ಮೇಲೇ ಇತ್ತು.

ಎಂಟು ನಲವತ್ತೈದಕ್ಕೆ ಆ ಸಾಲು ಹೋಯಿತು.

ಮೊದಲು ಬಂದದ್ದು ನಿರಾಳ. ಬರೆದಿಡುತ್ತೇನೆ, ಸುಳ್ಳು ಬರೆಯುವುದಿಲ್ಲ ಇಲ್ಲಾದರೂ. ಉಸಿರು ಹಗುರಾಯಿತು. ಹೆಗಲು ಇಳಿಯಿತು. ಆಮೇಲೆ ಬಾಗಿಲ ಹತ್ತಿರ ದಿವಾಕರೇಟ್ಟ ಫೋನ್ ಎತ್ತಿ "ನಮಸ್ಕಾರ, ಹೇಳಿ," ಅನ್ನುವುದು ಕೇಳಿಸಿತು.

ನವೆಂಬರ್ 15, ಬುಧವಾರ. ಸಂಜೆ 6.30

ಹೋಗಿ ಬಂದೆವು.

ಹೊಳೆಯ ದಂಡೆಗೆ ಹತ್ತಿರ ಸಣ್ಣ ಮನೆ. ಜಲಜ ಒಳಗೆ ಕರೆದಳು. ಟೀಚರು ಮೂರು ದಿಂಬಿಗೆ ಒರಗಿ ಕೂತಿದ್ದರು. ಎಲುಬಿನ ಮೇಲೆ ಚರ್ಮ ಅಷ್ಟೇ. ಕಣ್ಣು ಮಾತ್ರ ಇನ್ನೂ ತರಗತಿಯಲ್ಲಿ ನಿಂತ ಹಾಗೆ. ಮೂವತ್ತಮೂರು ವರ್ಷ ಗಣಿತ ಕಲಿಸಿದವರು.

ದಿವಾಕರೇಟ್ಟ ಕೈ ಮುಗಿದರು. "ತಪ್ಪಾಯ್ತು ಟೀಚರ್. ನನ್ನ ಕೈಯಿಂದ ಆಗಿದ್ದು."

"ಕೂತ್ಕೋ. ನಿಂತ್ರೆ ನನ್ನ ಕತ್ತು ನೋಯುತ್ತೆ." ಕೂತರು. "ನೋಡು, ಸತ್ತ ಮೇಲೆ ಯಾರ್ಯಾರು ಬರ್ತಾರೆ ಅಂತ ಎಲ್ರಿಗೂ ನೋಡೋ ಆಸೆ ಇರುತ್ತೆ. ನಾನು ನೋಡ್ದೆ. ನಾನು ಎರಡು ಸಲ ಫೇಲ್ ಮಾಡಿದ್ದ ಹುಡುಗ ಒಬ್ಬ, ಈಗ ಅಜ್ಜ ಆಗಿದಾನೆ, ಅವನು ಅಂಗಳದಲ್ಲಿ ಕೂತು ಎಷ್ಟು ಅತ್ತ ಗೊತ್ತಾ! ಬದುಕಿದೀನಿ ಅಂತ ಕಂಡ ಮೇಲೆ ಸ್ವಲ್ಪ ನಿರಾಸೆನೇ ಆಯ್ತು ಅವನಿಗೆ."

ದಿವಾಕರೇಟ್ಟ ನಕ್ಕರು. ಎಂಟು ದಿನದಲ್ಲಿ ಮೊದಲ ಸಲ. ಜಲಜ ನಗಲಿಲ್ಲ. "ನೋವಿಗೆ ಹಾಸಿಗೆ ಚಾದರ ಹರಿದು ಹಾಕಿದ್ರು ಅವತ್ತು," ಅಂದಳು. "ಅದನ್ನೂ ಹೇಳಮ್ಮಾ."

"ಅದು ಆಯ್ತಲ್ಲ, ಮುಗೀತು. ಆ ಫ್ಲೆಕ್ಸಿನಲ್ಲಿ ನನ್ನ ವಯಸ್ಸು ಮೂರು ವರ್ಷ ಜಾಸ್ತಿ ಹಾಕಿದಾರೆ, ಸಿಟ್ಟು ಬಂದಿದ್ದು ಅದಕ್ಕೆ." ನನ್ನ ಕಡೆ ತಿರುಗಿದರು. "ನೀನು ಹೇಳ್ತೀಯಂತೆ. ಹೇಗಾಯ್ತು?"

ಹೇಳಿದೆ. ಡಬ್ಬಿ, ನೆಟ್‌ವರ್ಕು, ಹೆಸರು. ಚೆನ್ನಾಗಿ ಹೇಳಿದೆ, ದರಿದ್ರ ಬಾಯಿ. ಅವರು ಕಣ್ಣು ಮುಚ್ಚಿ ಕೇಳಿದರು.

"ಅಂದ್ರೆ, ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ಹೆಸರು. ಪೋಸ್ಟ್‌ಮ್ಯಾನ್ ಒಂದು ದಿನ ಇಲ್ಲಿ ಕೊಡ್ತಾನೆ, ಒಂದು ದಿನ ಅಲ್ಲಿ. ಅಲ್ವಾ?"

"ಹೌದು ಟೀಚರ್."

"ಆ ಎರಡನೇ ಮನೇನ ಕಟ್ಟಿದ್ದು ಯಾರು?"

ಟೆಸ್ಟ್ ಡಬ್ಬಿ ಮಾಡಿದ್ದು ಯಾರು ಎಂದು ಕೇಳುತ್ತಿದ್ದರು. ನೇರವಾದ ಪ್ರಶ್ನೆ. ಒಂದೇ ಪದದ ಉತ್ತರ. ದಿವಾಕರೇಟ್ಟ ನನಗಿಂತ ಮೊದಲೇ, "ಅದು ಸುಹ್ರಾಳದ್ದು ಟೀಚರ್, ಪರೀಕ್ಷೆಗೆ ಇಟ್ಕೊಂಡಿದ್ದು. ಅದನ್ನ ತಪ್ಪಿ ಸಿಕ್ಕಿಸಿದ್ದು ನಾನು," ಎಂದು ನನ್ನನ್ನು ಕಾಪಾಡಿದರು.

ಟೀಚರು ನನ್ನನ್ನು ನೋಡುತ್ತಲೇ ಇದ್ದರು. ಬಹಳ ಹೊತ್ತೇನಲ್ಲ. ಮಕ್ಕಳ ಉತ್ತರಪತ್ರಿಕೆಯಲ್ಲಿ ನಡುವಿನ ಒಂದು ಹೆಜ್ಜೆ ಕಾಣದಿದ್ದಾಗ ನೋಡುವ ನೋಟ. "ಟೀ ಕುಡಿದು ಹೋಗಿ," ಅಂದರು.

ಕುಡಿದೆ. ಲೋಟ ತೊಳೆದಿಟ್ಟು ಬಂದೆ, ದೊಡ್ಡ ಸಭ್ಯಸ್ಥೆಯ ಹಾಗೆ.

ನವೆಂಬರ್ 20, ಸೋಮವಾರ. ಬೆಳಿಗ್ಗೆ 10.40

ಬೇಗ ಬರೆಯುತ್ತೇನೆ, ಆಟೋ ಬರುತ್ತಿದೆ.

ಒಂಬತ್ತೂವರೆಗೆ ಬಾಗಿಲ ಹತ್ತಿರ ಫೋನ್ ಹೊಡೆಯಿತು. ದಿವಾಕರೇಟ್ಟ ಎತ್ತಿದರು. ಮೊಯ್ದೀನ್‌ಕೋಯನ ದನಿ ನನ್ನ ಟೇಬಲ್ಲಿನವರೆಗೂ ಕೇಳುತ್ತಿತ್ತು.

"ಏನ್ ದಿವಾಕರಾ, ಟೀಚರನ್ನ ಇವತ್ತು ಮತ್ತೆ ಸಾಯಿಸಿದೀಯಲ್ಲೋ! ಪಟ್ಟಿಯಲ್ಲಿ ಮರಣ ಅಂತ ಬಂದಿದೆ. ಈ ಸಲ ನಾನು ಮೋಸ ಹೋಗಲ್ಲಪ್ಪ. ಗ್ರೂಪಲ್ಲಿ ಯಾರೋ ಹಾಕಿದ್ರು, ಕಂಪ್ಯೂಟರಿಗೆ ಮತ್ತೆ ಜ್ವರ ಬಂದಿದೆ, ಯಾರೂ ಹೋಗ್ಬೇಡಿ ಅಂತ ನಾನೇ ಬರೆದೆ."

ದಿವಾಕರೇಟ್ಟನ ಮುಖ ಬಿಳಿಚಿಕೊಂಡಿತು. ರಿಸೀವರ್ ಎದೆಗೆ ಒತ್ತಿ ಹಿಡಿದು ನನ್ನನ್ನು ಕೇಳಿದರು.

"ಮೋಳೇ... ನಾನೇನಾದ್ರೂ ಮುಟ್ಟಿದೀನಾ?"

ಲಾಗಿನ್ ಇಲ್ಲ ಆ ಮನುಷ್ಯನಿಗೆ. ಹನ್ನೊಂದು ದಿನದಿಂದ ಕೀಬೋರ್ಡನ್ನೇ ಮುಟ್ಟಿಲ್ಲ. ಆದರೂ ನನ್ನನ್ನು ಕೇಳಿದರು, ನಾನು ಹೇಳಿದ್ದೇ ನಿಜ ಎಂಬ ಹಾಗೆ.

ನೋಡಿದೆ. ಒಂದೇ ಡಬ್ಬಿ. ಒಂದೇ ಹೆಸರು. ಬೆಳಿಗ್ಗೆ ಐದು ಹತ್ತಕ್ಕೆ ಸೊಸೈಟಿಯ ನರ್ಸು ಲಿಸ್ಸಿ ಸಿಸ್ಟರ್ ಮನೆಗೇ ಹೋಗಿ ನೋಡಿ ತಾನೇ ಬರೆದದ್ದು.

"ನಿಜ ಏಟ್ಟಾ," ಅಂದೆ. "ಈ ಸಲ ನಿಜ."

ನವೆಂಬರ್ 20. ಸಂಜೆ 5.30

ಹನ್ನೊಂದೂವರೆಗೆ ತಲುಪಿದೆವು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು, ಮೂವತ್ತು ಇರಬಹುದು. ಇದ್ದವರು ಐದು ಜನ. ಪಕ್ಕದ ಮನೆಯವರು ಇಬ್ಬರು, ಚಿತೆಗೆ ಮಾವಿನ ಮರ ಕಡಿಯಲು ಬಂದ ಇಬ್ಬರು, ಲಿಸ್ಸಿ ಸಿಸ್ಟರ್. ಟೀಚರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ದೀಪ. ಮುಖದಲ್ಲಿ ನೋವಿರಲಿಲ್ಲ.

ಜಲಜ ಗೋಡೆಗೆ ಒರಗಿ ಕೂತಿದ್ದಳು, ಕೈಯಲ್ಲಿ ಫೋನು. ನನಗೆ ತೋರಿಸಿದಳು. ವಾರ್ಡಿನ ಗ್ರೂಪು. ಅಮ್ಮ ಹೋದರು ಎಂಬ ಸುದ್ದಿಯ ಕೆಳಗೆ ನಗುವ ಮುಖಗಳು. ಒಂದರ ಹಿಂದೆ ಒಂದು. ಎಣಿಸಿದೆ, ಹದಿನಾಲ್ಕು.

"ಶಾರ್ಜಾದಲ್ಲಿರೋ ಅಣ್ಣ ನಾನು ಮಾಡಿದ ಫೋನ್ ಎತ್ತಿರ್ಲಿಲ್ಲ, ಅವನೂ ಎದ್ದು ಮೊದಲು ಇದನ್ನೇ ನೋಡಿದ್ದು. ನಂಗೆ ಫೋನ್ ಮಾಡಿ ನಗ್ತಾನೇ ಕೇಳಿದ, ಅಮ್ಮನ್ನ ಮತ್ತೆ ಸಾಯಿಸಿದ್ರಾ ಅಂತ." ಅಳು ಬರಲಿಲ್ಲ ಅವಳಿಗೆ. "ಅವತ್ತು ಬದುಕಿರೋರನ್ನ ನೋಡೋಕೆ ಇನ್ನೂರು ಜನ. ಇವತ್ತು ಯಾರೂ ಇಲ್ಲ. ಯಾರಿಗೆ ಅಂತ ಹೇಳಲಿ ನಾನು? ಒಬ್ಬೊಬ್ರಿಗೂ ಫೋನ್ ಮಾಡಿ ನಿಜವಾಗ್ಲೂ ಸತ್ತಿದಾರೆ ಬನ್ನಿ ಅನ್ಲಾ?"

ಮೊಯ್ದೀನ್‌ಕೋಯ ಆಗಷ್ಟೇ ಬಂದು ಗೇಟಿನಲ್ಲಿ ನಿಂತಿದ್ದ. ಒಳಗೆ ಬರಲು ಮುಖವಿರಲಿಲ್ಲ. ದಿವಾಕರೇಟ್ಟ ಜಲಜಳ ಎದುರು ಬಗ್ಗಿ ನಿಂತರು, ಕಾಲು ಹಿಡಿಯುವವರ ಹಾಗೆ.

"ಎಲ್ಲ ನನ್ನಿಂದ ಆಗಿದ್ದು ಮೋಳೇ. ಅವತ್ತು ನನ್ನ ತಲೆ ಕೆಟ್ಟಿತ್ತು. ನಾನು ಅದನ್ನ ಸಿಕ್ಕಿಸದೇ ಇದ್ದಿದ್ರೆ—"

"ಅವರಲ್ಲ," ಅಂದೆ.

ನನ್ನ ದನಿ ನನಗೇ ಪರಿಚಯವಾಗಲಿಲ್ಲ. "ಸಿಕ್ಕಿಸಿದ್ದು ನಾನು. ನನ್ನ ಕೋಡು. ಅವತ್ತೇ ನೋಡಿದೆ, ನಾನೇ ಬಿಚ್ಚಿದೆ. ಲಾಗಿನಲ್ಲಿ ನನ್ನ ಹೆಸರಿತ್ತು. ಅದು ಅಳಿದು ಹೋಗೋವರೆಗೂ ಸುಮ್ನಿದ್ದೆ. ಟೀಚರ ಹೆಸರಿನ ಮುಂದೆ ಮರಣ ಅಂತ ಹಾಕಿದ್ದೂ ನಾನೇ."

ಸಾಕ್ಷಿ ಏನೂ ಉಳಿದಿಲ್ಲ ಈಗ. ನನ್ನ ಬಾಯಿಮಾತು ಅಷ್ಟೇ. ಐದು ಜನ, ಗೇಟಿನಲ್ಲಿ ಒಬ್ಬ.

ಜಲಜ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬುಧವಾರ ಇಲ್ಲೇ ಕೂತು ಟೀ ಕುಡಿದ್ರಲ್ಲ ನೀವು," ಅಂದಳು. ಅಷ್ಟೇ ಅಂದದ್ದು. ಎದ್ದು ಅಮ್ಮನ ಹತ್ತಿರ ಹೋಗಿ ಕೂತಳು, ನನಗೆ ಬೆನ್ನು ಮಾಡಿ.

ದಿವಾಕರೇಟ್ಟನ ಕಡೆ ತಿರುಗಿ ನಿಂತೆ. ಬೈಯಲಿ, ಹೊಡೆಯಲಿ, ಎಲ್ಲರೆದುರು ಉಗಿಯಲಿ ಎಂದು ನಿಂತೆ. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಧಾನಕ್ಕೆ ಕೂತರು.

"ಅಂದ್ರೆ... ನಾನು ಮರೆತದ್ದಲ್ಲ?"

"ಅಲ್ಲ ಏಟ್ಟಾ."

"ಆ ಕಮಾಂಡ್ ನಾನು ಹೊಡೆದೇ ಇಲ್ಲ."

"ಹೊಡೆದಿಲ್ಲ."

"ಹೊಡೆದಿಲ್ಲ ಅಂತ ನಂಗನ್ನಿಸ್ತಿತ್ತಲ್ಲ, ಅದು ಸರಿಯಾಗೇ ಇತ್ತು."

"ಸರಿಯಾಗೇ ಇತ್ತು."

ಎದ್ದರು. ಅಂಗಳದ ಮೂಲೆಗೆ ಹೋಗಿ ಫೋನ್ ತೆಗೆದರು. ಎರಡು ಸಲ ತಪ್ಪು ಒತ್ತಿದರು. "ಪುಷ್ಪಜಾ, ಕೇಳು... ಇಲ್ಲ, ಏನೂ ಆಗಿಲ್ಲ, ಕೇಳು ಮೊದ್ಲು. ನನ್ನ ತಲೆ ಸರಿಯಾಗಿದೆ ಕಣೇ. ಏನೂ ಆಗಿಲ್ಲ ನನ್ನ ತಲೆಗೆ. ಏನೂ ಆಗಿಲ್ಲ." ಸಾವಿನ ಮನೆಯ ಅಂಗಳದಲ್ಲಿ ನಿಂತು ನಗುತ್ತಿದ್ದರು, ಕಣ್ಣಿಂದ ನೀರು ಸುರಿಯುತ್ತಿತ್ತು. ಮರ ಕಡಿಯುವವರು ಕೊಡಲಿ ನಿಲ್ಲಿಸಿ ನೋಡಿದರು.

ಆಮೇಲೆ ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು ನನ್ನ ಹತ್ತಿರ ಬಂದರು. ಈಗ ಬೈಯುತ್ತಾರೆ ಅಂದುಕೊಂಡೆ. ನನ್ನ ಎರಡೂ ಕೈ ಹಿಡಿದುಕೊಂಡರು. ಥ್ಯಾಂಕ್ಸ್ ಅಂದರು. ಹೇಳಿದ್ದು ಒಳ್ಳೇದಾಯ್ತು, ದೊಡ್ಡ ಉಪಕಾರ ಮಾಡಿದೆ ಅಂದರು. ನನಗೆ. ನಾನು ಆ ಕೈಯನ್ನು ಬಿಡಿಸಿಕೊಳ್ಳಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ನಿಂತೆ.